ಗಾಜಿನೆಳೆಯ ಕೇಬಲುಗಳಲ್ಲಿ ಸ್ಥಳದ ಮಿತವ್ಯಯ

ವಾರ್ತೆಯನ್ನು ಬೆಳಕಿನ ರೂಪದಲ್ಲಿ ಗಾಜಿನೆಳೆಗಳ ಮೂಲಕ ದೂರಕ್ಕೆ ಒಯ್ಯಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಇಂಗ್ಲೆಂಡಿನಲ್ಲಿ ಪ್ರತಿಪಾದಿಸಿದರು. ಇಂದು ನಗರಗಳ ನೆಲದಡಿಯ ಕೊಳವೆಗಳು ತುಂಬಿರುವೆಡೆ, ರಸ್ತೆಯನ್ನು ಮತ್ತೆ ಅಗೆಯದೆ ಎಳೆಗಳನ್ನು ಹೆಚ್ಚಿಸುವುದೆಂತೆಂಬುದೇ ಪ್ರಶ್ನೆ. ಗಾಜಿನ ವ್ಯಾಸವನ್ನು ಕುಗ್ಗಿಸುವುದು ಸುಲಭವಲ್ಲ. 125 ಮೈಕ್ರೋಮೀಟರಿನ ಆ ಅಳತೆಗೆ ಹೊಂದುವಂತೆಯೇ ಜೋಡಣೆಯ ಉಪಕರಣಗಳು ರೂಪುಗೊಂಡಿವೆ. ಆದುದರಿಂದ ಹೊರಗಣ ಲೇಪವನ್ನೇ ತೆಳುವಾಗಿಸಿ, 250 ಮೈಕ್ರೋಮೀಟರಿದ್ದ ಒಟ್ಟು ವ್ಯಾಸವನ್ನು 200ಕ್ಕೆ ಇಳಿಸಿದರು. ಇದರಿಂದ ಎಳೆಯ ಅಡ್ಡಕೊಯ್ತದ ವಿಸ್ತೀರ್ಣವು ನೂರಕ್ಕೆ 36ರಷ್ಟು ಕಡಮೆಯಾಗುವುದು. ಆದರೆ ಲೇಪವು ತೆಳುವಾದಷ್ಟೂ, ಪಕ್ಕದ ಒತ್ತಡದಿಂದ ಎಳೆಯು ಸೂಕ್ಷ್ಮವಾಗಿ ಬಾಗಿ ಬೆಳಕು ಹೊರಕ್ಕೆ ಸೋರುವ ಭಯವುಂಟು. ಒತ್ತಡವನ್ನು ತಾಳಿಕೊಳ್ಳುವ ಮೃದುವಾದ ಒಳಲೇಪ, ಬಾಗಿದರೂ ಬೆಳಕನ್ನು ಬಿಡದ ಗಾಜಿನ ರಚನೆ, ಇವೆರಡೂ ಕೂಡಿದಲ್ಲಿ ಮಾತ್ರ ಈ ಮಿತವ್ಯಯವು ಸಾರ್ಥಕ.