ನೀರು ಸೋರದ ಹಲಗೆ ತೊಟ್ಟಿ



ಮಳೆಗಾಲ ಬಂತು ಅಂದ್ರೆ ಊರಲ್ಲಿ ಜ್ವರದ ಭಯ. ಮಲೇರಿಯಾ, ಡೆಂಗಿ, ಚಿಕುನ್‌ಗುನ್ಯಾ. 2006ರಲ್ಲಿ ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಚಿಕುನ್‌ಗುನ್ಯಾ ಹಬ್ಬಿತು. ಜ್ವರ ಬಿಟ್ಟರೂ ಕೀಲು ನೋವು ಬಿಡಲಿಲ್ಲ. ಮನೆಯಲ್ಲಿ ಒಬ್ಬರು ಮಲಗಿದರೆ ಕೂಲಿ ಹೋಯ್ತು. ಔಷಧಿಯ ಖರ್ಚು ಬಂತು. ಆರೈಕೆ ಯಾರ ಪಾಲಿಗೆ? ನಮ್ಮ ಪಾಲಿಗೇ ಅಲ್ವಾ?

ಈ ಮೂರು ಜ್ವರಗಳನ್ನೂ ಹರಡುವುದು ಸೊಳ್ಳೆ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ. ಮೊದಲು ಮೊಟ್ಟೆ, ಆಮೇಲೆ ಹುಳು, ಆಮೇಲೆ ಸೊಳ್ಳೆ. ಇದಕ್ಕೆ ಸುಮಾರು ಏಳರಿಂದ ಹತ್ತು ದಿನ ಸಾಕು. ಹುಳು ನೀರಲ್ಲಿ ಇರುವಾಗಲೇ ಅದನ್ನು ತಿಂದುಬಿಡುವ ಪುಟ್ಟ ಮೀನು ಇದೆ. ಅದರ ಹೆಸರು ಗಪ್ಪಿ. 1990ರ ದಶಕದಲ್ಲಿ ಕೋಲಾರ, ಹಾಸನ ಜಿಲ್ಲೆಗಳ ಕೆಲವು ಹಳ್ಳಿಗಳ ಬಾವಿಗಳಲ್ಲಿ ಇಂಥ ಮೀನು ಬಿಟ್ಟರು. ಅಲ್ಲಿ ಮಲೇರಿಯಾ ತಗ್ಗಿತು.

ಗಪ್ಪಿ ಸಾಕಲು ಒಂದು ತೊಟ್ಟಿ ಬೇಕು. ಗಾಜಿನ ತೊಟ್ಟಿ ಒಡೆಯುತ್ತೆ. ಸಿಮೆಂಟ್ ತೊಟ್ಟಿಯನ್ನು ಬೇಕೆಂದ ಕಡೆ ಒಯ್ಯಲು ಆಗಲ್ಲ. ಬಾಡಿಗೆ ಮನೆಯಾದರೆ ಏನು ಮಾಡೋಣ? ಪ್ಲೈವುಡ್ ಹಲಗೆಯಲ್ಲಿ ತೊಟ್ಟಿ ಮಾಡೋಣ. ಸಂಘಕ್ಕೆ ಒಂದು ತೊಟ್ಟಿ ಇದ್ದರೆ ಇಡೀ ಬೀದಿಗೆ ಮೀನು ಸಿಗುತ್ತೆ.

ಮರದ ಹಲಗೆಯಲ್ಲಿ ನೀರು ನಿಲ್ಲುತ್ತಾ? ನಿಲ್ಲುತ್ತೆ. ಹಡಗು, ದೋಣಿಗಳನ್ನೂ ಮರದಲ್ಲಿ ಮಾಡ್ತಾರಲ್ಲ. ದೋಣಿಯಲ್ಲಿ ನೀರು ಒಳಗೆ ಬರಬಾರದು. ನಮ್ಮ ತೊಟ್ಟಿಯಲ್ಲಿ ನೀರು ಹೊರಗೆ ಹೋಗಬಾರದು. ಅಷ್ಟೇ ವ್ಯತ್ಯಾಸ.

ಹಲಗೆ ಕೊಳ್ಳುವಾಗ ಓದಿ ನೋಡೋಣ

ಅಂಗಡಿಯಲ್ಲಿ ಹಲವು ತರಹದ ಪ್ಲೈವುಡ್ ಇರುತ್ತೆ. ನೋಡಲು ಎಲ್ಲವೂ ಒಂದೇ. ಆದರೆ ಸಾಧಾರಣ ಹಲಗೆ ನೀರು ಕುಡಿದು ಉಬ್ಬುತ್ತೆ. ಅದರ ಪದರ ಬಿಟ್ಟುಕೊಳ್ಳುತ್ತೆ. ನಮಗೆ ಬೇಕಾದ್ದು ದೋಣಿಗೆ ಬಳಸುವ ಮರೈನ್ ಪ್ಲೈವುಡ್. ಹಲಗೆಯ ಮೇಲೆ ಐ.ಎಸ್.ಐ. ಮುದ್ರೆ ಇರುತ್ತೆ. ಅದರ ಜೊತೆ 710 ಅಂತ ಅಂಕಿ ಇರಬೇಕು. ಅಕ್ಷರ ಇಂಗ್ಲಿಷಿನಲ್ಲಿ ಇರಬಹುದು. ಅಂಕಿ ನಮಗೆ ಬರುತ್ತಲ್ಲ! 303 ಅಂತ ಇದ್ದರೆ ಅದು ಮನೆಯೊಳಗಿನ ಸಾಮಾನ್ಯ ಕೆಲಸದ ಹಲಗೆ. ಅಂಗಡಿಯವರು ಏನೇ ಹೇಳಲಿ, ನಾವೇ ಓದಿ ಕೊಳ್ಳೋಣ.

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಲಗೆ ಸಾಕು. ದಪ್ಪ 18 ಮಿಲಿಮೀಟರ್ ಇರಲಿ. ಇದರಲ್ಲಿ ಐದು ತುಂಡು ಬರುತ್ತೆ.

ತಳಕ್ಕೆ ಒಂದು: 4 ಅಡಿ ಉದ್ದ, 2 ಅಡಿ ಅಗಲ.
ಉದ್ದದ ಬದಿಗೆ ಎರಡು: 4 ಅಡಿ ಉದ್ದ, ಒಂದೂವರೆ ಅಡಿ ಎತ್ತರ.
ಅಡ್ಡದ ಬದಿಗೆ ಎರಡು: 2 ಅಡಿ ಉದ್ದ, ಒಂದೂವರೆ ಅಡಿ ಎತ್ತರ.

ಅಡ್ಡದ ತುಂಡುಗಳು ಉದ್ದದ ತುಂಡುಗಳ ನಡುವೆ ಕೂರುತ್ತವೆ. ಆದ್ದರಿಂದ ಅವುಗಳ ಉದ್ದದಲ್ಲಿ ಎರಡು ಹಲಗೆಯ ದಪ್ಪ, ಅಂದರೆ 36 ಮಿಲಿಮೀಟರ್ ಕಡಿಮೆ ಮಾಡಬೇಕು. ಬಡಗಿಯಿಂದ ನೇರವಾಗಿ ಕೊಯ್ಯಿಸಿ. ಕೊಯ್ತ ಸೊಟ್ಟಗಾದರೆ ಸಂದು ಬೀಳುತ್ತೆ. ಉಳಿದ ಹಲಗೆ ಬಿಸಾಡಬೇಡಿ. ಮುಂದೆ ಬೇಕಾಗುತ್ತೆ.

ನೀರು ತಳ್ಳುತ್ತೆ

ಒಂದು ಹಳೇ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ. ನೀರು ತುಂಬಿ ಎತ್ತಿ ಹಿಡಿಯಿರಿ. ಯಾವ ತೂತಿನಿಂದ ನೀರು ಜೋರಾಗಿ ಚಿಮ್ಮುತ್ತೆ? ಕೆಳಗಿನ ತೂತಿನಿಂದ. ಆಳ ಹೆಚ್ಚಿದಷ್ಟೂ ನೀರು ಜೋರಾಗಿ ತಳ್ಳುತ್ತೆ. ಅದಕ್ಕೇ ನಮ್ಮ ತೊಟ್ಟಿ ಉದ್ದ ಇರಲಿ, ಅಗಲ ಇರಲಿ, ಆಳ ಮಾತ್ರ ಒಂದೂವರೆ ಅಡಿ ದಾಟದಿರಲಿ.

ಬದಿಯ ಹಲಗೆಗಳ ಕೆಳ ಅಂಚನ್ನು ತಳ ಹಿಡಿದುಕೊಳ್ಳುತ್ತೆ. ಮೇಲಿನ ಅಂಚನ್ನು ಹಿಡಿಯುವವರು ಯಾರೂ ಇಲ್ಲ. ಆಗ ನಡುವೆ ಹಲಗೆ ಹೊರಗೆ ಬಾಗುತ್ತೆ. ಉಳಿದ ಹಲಗೆಯಲ್ಲಿ ನಾಲ್ಕು ಅಂಗುಲದ ಪಟ್ಟಿ ಕೊಯ್ಯಿಸಿ. ಮೇಲಿನ ಅಂಚಿಗೆ ಸುತ್ತಲೂ ಬಿಗಿಯಿರಿ. ನಡುವೆ ಒಂದು ಅಡ್ಡಪಟ್ಟಿ ಹಾಕಿ.

ಜೋಡಿಸುವ ಬಗೆ

ಎಲ್ಲ ಸಂದಿಗೂ ನೀರಿಗೆ ಬಿಡದ ಮರದ ಅಂಟು ಹಚ್ಚಿ. ಆರು ಅಂಗುಲಕ್ಕೆ ಒಂದರಂತೆ ಎರಡು ಅಂಗುಲದ ಸ್ಕ್ರೂ ಬಿಗಿಯಿರಿ. ಮೊದಲು ಸಣ್ಣ ತೂತು ಕೊರೆಯಿರಿ. ಇಲ್ಲದಿದ್ದರೆ ಹಲಗೆ ಸೀಳುತ್ತೆ. ಮೊಳೆ ಸಾಲದು. ನೀರು ತಳ್ಳಿದಾಗ ಮೊಳೆ ಸಡಿಲ ಆಗುತ್ತೆ. ಅಂಟು ಒಣಗಲು ಒಂದು ದಿನ ಬಿಡಿ.

ಒಳಗೆ ನೀರು ತಡೆಯುವುದು

ಇದೇ ಮುಖ್ಯ ಕೆಲಸ. ನೀರಿಗೆ ಒಂದು ಸೂಜಿಯಷ್ಟು ದಾರಿ ಸಾಕು. ಇದಕ್ಕೆ ಎಪಾಕ್ಸಿ ಎಂಬ ಲೇಪ ಬೇಕು. ಕುಡಿಯುವ ನೀರಿನ ತೊಟ್ಟಿಗೆ ಬಳಸುವಂಥದ್ದನ್ನೇ ಕೇಳಿ. ಡಾಂಬರು, ಮನೆಯ ಸಾಧಾರಣ ಬಣ್ಣ ಬೇಡ. ಅವು ಮೀನನ್ನು ಕೊಲ್ಲಬಹುದು.

ಎಪಾಕ್ಸಿ ಎರಡು ಡಬ್ಬಿಯಲ್ಲಿ ಬರುತ್ತೆ. ಎರಡನ್ನೂ ಕಲಸಿದರೆ ಮಾತ್ರ ಗಟ್ಟಿ ಆಗುತ್ತೆ. ಎಷ್ಟಕ್ಕೆ ಎಷ್ಟು ಅಂತ ಡಬ್ಬಿಯ ಮೇಲೆ ಬರೆದಿರುತ್ತೆ. ಅಡುಗೆಯ ಹಾಗೆ ಕಣ್ಣಳತೆ ಮಾಡಬಾರದು. ಅಳೆದೇ ಕಲಸಬೇಕು. ಸ್ವಲ್ಪ ಸ್ವಲ್ಪವೇ ಕಲಸಿ. ಒಟ್ಟಿಗೆ ತುಂಬಾ ಕಲಸಿದರೆ ಪಾತ್ರೆಯಲ್ಲೇ ಬಿಸಿ ಏರಿ ಗಟ್ಟಿ ಆಗುತ್ತೆ.

ಕೈಗೆ ರಬ್ಬರ್ ಚೀಲ ಹಾಕಿಕೊಳ್ಳಿ. ಗಾಳಿ ಆಡುವ ನೆರಳಿನಲ್ಲಿ ಕೆಲಸ ಮಾಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಮೊದಲು ಒಳಗಿನ ಮೂಲೆಗಳಿಗೆ ಎಪಾಕ್ಸಿ ಮುದ್ದೆ ತುಂಬಿ. ಒಲೆ ಮೂಲೆಗೆ ಮಣ್ಣು ಮೆತ್ತುವ ಹಾಗೆ ಬೆರಳಿನಿಂದ ದುಂಡಗೆ ತೀಡಿ. ಸ್ಕ್ರೂ ತಲೆಗಳನ್ನೂ ಮುಚ್ಚಿ. ಆಮೇಲೆ ಮೂಲೆಗಳ ಮೇಲೆ ನಾಲ್ಕು ಅಂಗುಲದ ಫೈಬರ್ ಬಟ್ಟೆಯ ಪಟ್ಟಿ ಇಟ್ಟು ಎಪಾಕ್ಸಿ ಬಳಿಯಿರಿ. ಹಲಗೆ ಸ್ವಲ್ಪ ಅಲುಗಿದರೂ ಮೂಲೆ ಬಿರಿಯದಂತೆ ಈ ಬಟ್ಟೆ ಹಿಡಿಯುತ್ತೆ. ಕೊನೆಗೆ ಒಳಗೆಲ್ಲ ಮೂರು ಸಲ ಬಳಿಯಿರಿ. ಒಂದು ಲೇಪ ಒಣಗಿದ ಮೇಲೆ ಉಪ್ಪು ಕಾಗದದಿಂದ ಮೆಲ್ಲಗೆ ಉಜ್ಜಿ ಇನ್ನೊಂದು. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹಲಗೆಯ ಕೊಯ್ದ ಅಂಚು ಹೆಚ್ಚು ನೀರು ಕುಡಿಯುತ್ತೆ. ಅದನ್ನು ಮರೆಯಬೇಡಿ. ಹೊರಗೆ ಎರಡು ಸಲ ಬಣ್ಣ ಹೊಡೆಯಿರಿ.

ಈಗ ಏಳು ದಿನ ಮುಟ್ಟಬೇಡಿ. ಒಣಗಿದ ಹಾಗೆ ಕಂಡರೂ ಲೇಪ ಒಳಗೆ ಹಸಿ ಇರುತ್ತೆ.

ಹಣ ಸಾಲದಿದ್ದರೆ? ಎಪಾಕ್ಸಿ ಬದಲು ದಪ್ಪ ಸಿಲ್ಪಾಲಿನ್ ಹಾಳೆ ಹಾಸಬಹುದು. ಸ್ಕ್ರೂ ತುದಿ ಎಲ್ಲೂ ಒಳಗೆ ಚಾಚಿರಬಾರದು. ಹಾಳೆಯ ಮೂಲೆಯನ್ನು ಕತ್ತರಿಸಬೇಡಿ. ಕಾಗದದ ಪೊಟ್ಟಣದ ಹಾಗೆ ಮಡಿಸಿ. ಹಾಳೆಯ ತುದಿಯನ್ನು ತೊಟ್ಟಿಯ ಮೇಲಂಚಿಗೆ ತಂದು ಪಟ್ಟಿಯಿಂದ ಬಿಗಿಯಿರಿ.

ಸೋರುತ್ತಾ? ಪರೀಕ್ಷೆ ಮಾಡೋಣ

ತೊಟ್ಟಿಯನ್ನು ಮೇಜಿನ ಮೇಲೆ ಇಡಬೇಡಿ. ಅಂಚಿನಿಂದ ಮೂರು ಅಂಗುಲ ಬಿಟ್ಟು ತುಂಬಿದರೂ ಸುಮಾರು 250 ಲೀಟರ್ ನೀರು ಹಿಡಿಯುತ್ತೆ. ಆ ನೀರಿನ ತೂಕ 250 ಕಿಲೋ. ಅಂದ್ರೆ ಐದು ಮೂಟೆ ಸಿಮೆಂಟ್! ಸಮತಟ್ಟಾದ ಗಟ್ಟಿ ನೆಲವೇ ಬೇಕು.

ಅಡಿಯಲ್ಲಿ ಹಳೇ ಪತ್ರಿಕೆ ಹಾಸಿ. ಮೊದಲ ದಿನ ಕಾಲು ಭಾಗ, ಎರಡನೇ ದಿನ ಅರ್ಧ, ಮೂರನೇ ದಿನ ಪೂರ್ತಿ ತುಂಬಿ. ಕಾಗದ ಒದ್ದೆಯಾದ ಕಡೆ ಸೋರುತ್ತಿದೆ ಅಂತ ತಿಳಿಯಿರಿ. ಪಕ್ಕದಲ್ಲಿ ಒಂದು ಬಕೆಟ್ ನೀರನ್ನೂ ಇಡಿ. ಎರಡಕ್ಕೂ ನೀರಿನ ಮಟ್ಟದಲ್ಲಿ ಗುರುತು ಹಾಕಿ. ಎರಡು ದಿನ ಬಿಟ್ಟು ನೋಡಿ. ಎರಡರಲ್ಲೂ ಒಂದೇ ಅಳತೆ ಇಳಿದಿದ್ದರೆ ಅದು ಗಾಳಿಗೆ ಆರಿದ ನೀರು. ತೊಟ್ಟಿಯಲ್ಲಿ ಮಾತ್ರ ಹೆಚ್ಚು ಇಳಿದಿದ್ದರೆ ತೂತಿದೆ. ನೀರು ಖಾಲಿ ಮಾಡಿ, ಪೂರ್ತಿ ಒಣಗಿಸಿ, ಆ ಜಾಗ ಉಜ್ಜಿ ಮತ್ತೆ ಬಳಿಯಿರಿ. ಹಸಿ ಹಲಗೆಗೆ ಲೇಪ ಹಿಡಿಯಲ್ಲ.

ಮೀನು ಬಿಡುವ ಮುನ್ನ

ಈ ಮೊದಲ ನೀರು ಚೆಲ್ಲಿ. ಎರಡು ಸಲ ತೊಳೆಯಿರಿ. ಹೊಸ ನೀರು ತುಂಬಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತೆ. ಅದು ಹೋಗಲು ಎರಡು ದಿನ ಬಿಡಿ. ಮೊದಲು ಎರಡೇ ಮೀನು ಬಿಟ್ಟು ಮೂರು ದಿನ ನೋಡಿ. ಚೆನ್ನಾಗಿದ್ದರೆ ಉಳಿದವನ್ನು ಬಿಡಿ. ಗಪ್ಪಿ ಎಲ್ಲಿ ಸಿಗುತ್ತೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಗಪ್ಪಿ ಮೊಟ್ಟೆ ಇಡಲ್ಲ. ಮರಿ ಹಾಕುತ್ತೆ. ಸುಮಾರು ತಿಂಗಳಿಗೊಮ್ಮೆ ಮರಿ. ತಾಯಿಯೇ ಮರಿಯನ್ನು ತಿನ್ನುವುದೂ ಉಂಟು. ನೀರಿನ ಗಿಡ ಹಾಕಿದರೆ ಮರಿ ಅಡಗಿಕೊಳ್ಳುತ್ತೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೆಗೆದ ನೀರು ಸೊಪ್ಪಿನ ಮಡಿಗೆ ಒಳ್ಳೆಯದು.

ಮರಿ ದೊಡ್ಡದಾದ ಮೇಲೆ ಮನೆಯ ಬಳಕೆ ನೀರಿನ ತೊಟ್ಟಿಗೆ, ದನದ ತೊಟ್ಟಿಗೆ ಬಿಡಿ. ಕೆರೆ, ಹಳ್ಳ, ಹೊಳೆಗೆ ಮಾತ್ರ ಬೇಡ. ಗಪ್ಪಿ ಹೊರನಾಡಿನ ಮೀನು. ನಮ್ಮ ಕೆರೆ ಮೀನಿನ ಮೊಟ್ಟೆ, ಮರಿಗೆ ಅದು ಕುತ್ತು. ಕುಡಿಯುವ ನೀರನ್ನು ಬಿಗಿಯಾಗಿ ಮುಚ್ಚಿಡಿ. ಡ್ರಮ್ಮು, ಬಕೆಟ್‌ಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆಯಿರಿ. ಮೀನು ಇದೆ ಅಂತ ಈ ಕೆಲಸ ಬಿಡಬಾರದು.

ನೆನಪಿಡಿ

ತೊಟ್ಟಿಯ ಮೇಲೆ ಚೌಕಟ್ಟು ಕಟ್ಟಿ ಬಲೆ ಬಿಗಿಯಿರಿ. ಅಂಗೈ ಆಳದ ನೀರೂ ಪುಟ್ಟ ಮಗುವಿಗೆ ಅಪಾಯ.

ಚರ್ಚಿಸೋಣ

1. ನಮ್ಮ ಮನೆಯ ಸುತ್ತ ನೀರು ಎಲ್ಲೆಲ್ಲಿ ನಿಂತಿದೆ? ಪಟ್ಟಿ ಬರೆಯಿರಿ.
2. ತೊಟ್ಟಿಯ ಆಳ ಹೆಚ್ಚಿಸಿದರೆ ಏನಾಗುತ್ತೆ?
3. ನಿಮ್ಮ ಮನೆಯ ಯಾವುದಾದರೂ ಡಬ್ಬಿಯ ಮೇಲಿನ ಬರಹ ಓದಿ. ಅದರಲ್ಲಿ ಏನು ಎಚ್ಚರಿಕೆ ಇದೆ?