ಮೊದಲು ತೊಳೆಯೋದು ಕಲಿ!

ಮದುವೆ ಮನೆಯಲ್ಲಿ ಕೊಡುವ ತಾಂಬೂಲದ ಬಟ್ಟೆ ಚೀಲ, ಕಾಲೇಜು ಫೆಸ್ಟ್‌ನ ಟೀ ಶರ್ಟ್‌, ಅಂಗಡಿಯ ಹೆಸರು ಹೊತ್ತ ಕೈಚೀಲ– ಇವುಗಳ ಮೇಲಿನ ಅಕ್ಷರಗಳು ಹೆಚ್ಚಾಗಿ ಮೂಡುವುದು ಸ್ಕ್ರೀನ್‌ ಪ್ರಿಂಟಿಂಗ್‌ನಲ್ಲಿ. ಕಡಿಮೆ ಬಂಡವಾಳದ ಸ್ವಂತ ಉದ್ಯೋಗ ಹುಡುಕುವವರಿಗೆ ಇದೂ ಒಂದು ದಾರಿ.

ಬಿ.ಕಾಂ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಲೇ ನಾನು ಇಂಥದೊಂದು ಪುಟ್ಟ ಅಂಗಡಿ ಸೇರಿದೆ. ‘ಮೊದಲು ಸ್ಕ್ರೀನ್‌ ತೊಳೆಯೋದು ಕಲಿಯಮ್ಮ, ಪ್ರಿಂಟ್‌ ಹೊಡೆಯೋದು ಆಮೇಲೆ’ ಎಂದರು ಮಾಲೀಕರು. ಡಿಗ್ರಿ ಓದಿ ತೊಳೆಯುವ ಕೆಲಸವೇ ಎಂದು ಮನೆಯಲ್ಲಿ ಬೇಸರ ಮಾಡಿಕೊಂಡರು. ಆದರೆ ಈ ಉದ್ಯೋಗದ ಲಾಭ– ನಷ್ಟ ನಿರ್ಧಾರವಾಗುವುದೇ ನಲ್ಲಿಯ ಬಳಿ ಎಂಬುದು ತೊಳೆಯುತ್ತಾ ತೊಳೆಯುತ್ತಾ ತಿಳಿಯಿತು.

ಸ್ಕ್ರೀನ್‌ ಎಂದರೆ ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್‌ ಜಾಲರಿ. ಬಟ್ಟೆಗೆ ನಾವು ಬಳಸುವುದು ಸೆಂಟಿಮೀಟರಿಗೆ 43 ಎಳೆಗಳಿರುವ ಜಾಲರಿ. ಅಂದರೆ ಒಂದು ಚದರ ಸೆಂಟಿಮೀಟರಿನಲ್ಲಿ 1,800ಕ್ಕೂ ಹೆಚ್ಚು ತೂತುಗಳು! ವಾಟರ್‌ ಬೇಸ್ಡ್‌ ಇಂಕ್‌ನಲ್ಲಿ ಬಣ್ಣದ ಜೊತೆ ಅಂಟೂ ಇರುತ್ತದೆ. ಹಸಿಯಿದ್ದಾಗ ನೀರಿಗೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಒಣಗಿತೆಂದರೆ ಅಂಟು ಪ್ಲಾಸ್ಟಿಕ್‌ನಂಥ ಪೊರೆಯಾಗುತ್ತದೆ, ಮತ್ತೆ ಬರೀ ನೀರಿಗೆ ಕರಗುವುದಿಲ್ಲ. ಚೀಲವನ್ನು ಒಗೆದರೂ ಬಣ್ಣ ಉಳಿಯಲು ನೆರವಾಗುವುದು ಇದೇ ಗುಣ. ಚೀಲಕ್ಕೆ ವರವಾದದ್ದು ಜಾಲರಿಗೆ ಶಾಪ.

ಬೇಸಿಗೆಯಲ್ಲಂತೂ ಊಟ ಮಾಡಿ ಬರುವಷ್ಟರಲ್ಲಿ ತೂತುಗಳು ಮುಚ್ಚಿಹೋಗಬಹುದು. ಅದಕ್ಕೇ ಒಂದೆರಡು ನಿಮಿಷ ಕೈ ನಿಲ್ಲಿಸುವುದಾದರೂ ಡಿಸೈನ್‌ ಮೇಲೆ ಇಂಕ್‌ ಹರಡಿಯೇ ಬಿಡುತ್ತೇವೆ. ಕೆಲಸ ಮುಗಿದ ತಕ್ಷಣ ಉಳಿದ ಇಂಕ್‌ ಅನ್ನು ರಟ್ಟಿನಿಂದ ಬಳಿದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಬೇಕು. ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಿ, ತಣ್ಣೀರು ಹಾಕಿ ಮೆತ್ತನೆಯ ಸ್ಪಂಜಿನಿಂದ ತೊಳೆಯಬೇಕು. ತಂತಿ ಬ್ರಷ್‌ ಮುಟ್ಟಿಸುವಂತಿಲ್ಲ. ಕೊನೆಗೆ ಬೆಳಕಿಗೆ ಹಿಡಿದು ನೋಡಬೇಕು. ಜಾಲರಿಯಲ್ಲಿ ಬಣ್ಣದ ಛಾಯೆ ಉಳಿದಿದ್ದರೆ ಚಿಂತೆಯಿಲ್ಲ, ಅಕ್ಷರದ ಜಾಗದಲ್ಲಿ ಬೆಳಕು ಹಾಯ್ದುಬರಬೇಕು. ಡಿಸೈನ್‌ ಮೂಡಿಸಲು ಬಳಿಯುವ ಎಮಲ್ಷನ್‌ ಕೂಡ ನೀರು ತಡೆಯುವಂಥದ್ದೇ ಆಗಿರಬೇಕು. ಇಲ್ಲದಿದ್ದರೆ ಇಂಕ್‌ ಜೊತೆ ಡಿಸೈನೂ ಕೊಚ್ಚಿಹೋಗುತ್ತದೆ.

ಚೆನ್ನಾಗಿ ತೊಳೆದಿಟ್ಟ ಸ್ಕ್ರೀನ್‌ ಅದೇ ಗ್ರಾಹಕರ ಮುಂದಿನ ಆರ್ಡರ್‌ಗೆ ಸಿದ್ಧ. ಎಮಲ್ಷನ್‌ ತೆಗೆದರೆ ಹೊಸ ಡಿಸೈನ್‌ಗೂ ಆದೀತು. ಕಟ್ಟಿಕೊಂಡ ಜಾಲರಿಯನ್ನು ಮಾತ್ರ ಕಿತ್ತು ಹೊಸದು ಬಿಗಿಯಬೇಕಾಗಬಹುದು. ಆ ಖರ್ಚನ್ನು ಯಾವ ಗ್ರಾಹಕರೂ ಕೊಡುವುದಿಲ್ಲ, ಅದು ನಮ್ಮ ದುಡಿಮೆಯಿಂದಲೇ ಹೋಗುತ್ತದೆ. ಮೊದಲೇ ಬಳಿದು ಒರೆಸಿದರೆ ನೀರೂ ಉಳಿಯುತ್ತದೆ, ಚರಂಡಿಗೆ ಹೋಗುವ ಬಣ್ಣವೂ ಕಡಿಮೆಯಾಗುತ್ತದೆ. ‘ವಾಟರ್‌ ಬೇಸ್ಡ್‌’ ಎಂದ ಮಾತ್ರಕ್ಕೆ ಬಣ್ಣದ ನೀರು ನಿರಪಾಯಕಾರಿ ಎಂದಲ್ಲ.

ಸ್ಕ್ರೀನ್‌ ಪ್ರಿಂಟಿಂಗ್‌ ತರಬೇತಿಗೆ ಸೇರುವವರು ಪ್ರಿಂಟ್‌ ಹೊಡೆಯುವುದರ ಜೊತೆಗೆ ತೊಳೆಯುವುದನ್ನೂ ಕೇಳಿ ಕಲಿಯಿರಿ. ನಾನೀಗ ಮನೆಯ ಹಿತ್ತಲಲ್ಲಿ ಎರಡು ಫ್ರೇಮ್‌ ಇಟ್ಟುಕೊಂಡು ಸ್ವಂತಕ್ಕೆ ಶುರು ಮಾಡುವ ತಯಾರಿಯಲ್ಲಿದ್ದೇನೆ. ಮೇಜು ಎಲ್ಲಿಡಬೇಕೆಂದು ಇನ್ನೂ ಯೋಚಿಸಿಲ್ಲ, ನಲ್ಲಿಯ ಜಾಗ ಮಾತ್ರ ಗೊತ್ತುಮಾಡಿಯಾಗಿದೆ.