ಆಷಾಢಕ್ಕೆ ಮೊದಲು ಮನೆ ಬದಲಿಸುವ ಲೆಕ್ಕಾಚಾರ

ಆಷಾಢ ಹುಟ್ಟಲು ಇನ್ನೊಂದು ವಾರ ಇದೆ ಎನ್ನುವಾಗ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಒಂದು ಬಗೆಯ ಧಾವಂತ ಕಾಣುತ್ತದೆ. ಲಗೇಜ್ ಆಟೊಗಳ ಮೇಲೆ ಮಂಚದ ಕಾಲುಗಳು ಆಕಾಶ ನೋಡುತ್ತಿರುತ್ತವೆ. ಹಿಂದೆ ಬರುವ ಸ್ಕೂಟರಿನಲ್ಲಿ ಮನೆಯೊಡತಿ ದೇವರ ಪಟವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿರುತ್ತಾರೆ. ವರ್ಷವಿಡೀ ಪಂಚಾಂಗ ತೆರೆದು ನೋಡದವರೂ ಆ ವಾರ ಪುರೋಹಿತರಿಗೆ ಫೋನ್ ಮಾಡುತ್ತಾರೆ. ಒಂದು ದಿನ ತಪ್ಪಿದರೆ ಮತ್ತೆ ತಿಂಗಳು ಕಾಯಬೇಕಲ್ಲ!

ಮನೆ ಬದಲಿಸುವುದೆಂದರೆ ಸಾಮಾನು ಕಟ್ಟಿ ಲಾರಿಗೆ ಏರಿಸುವುದು ಎಂದುಕೊಳ್ಳುವವರೇ ಹೆಚ್ಚು. ಅದು ಕೊನೆಯ ಎರಡು ದಿನದ ಕೆಲಸ. ನಿಜವಾದ ಕಷ್ಟ ಇರುವುದು ದಿನ ಗೊತ್ತು ಮಾಡುವುದರಲ್ಲಿ. ನಮ್ಮ ಬಾಡಿಗೆ ಮನೆಯ ಸಂಸಾರಗಳು ಒಂದೇ ಸಲಕ್ಕೆ ನಾಲ್ಕು ಕ್ಯಾಲೆಂಡರ್‌ಗಳಿಗೆ ತಲೆಬಾಗಬೇಕು. ಪಂಚಾಂಗದ್ದು ಒಂದು, ಮಕ್ಕಳ ಶಾಲೆಯದು ಒಂದು, ಬಾಡಿಗೆ ಕರಾರಿನದು ಒಂದು. ಸರ್ಕಾರಿ ನೌಕರರಾದರೆ ವರ್ಗಾವಣೆಯದು ಮತ್ತೊಂದು. ಈ ನಾಲ್ಕೂ ಕೂಡಿ ಬರುವ ದಿನಗಳು ವರ್ಷದಲ್ಲಿ ಬೆರಳೆಣಿಕೆಯಷ್ಟು.

ಪಂಚಾಂಗದಿಂದಲೇ ಆರಂಭಿಸೋಣ. ವೈಶಾಖ, ಶ್ರಾವಣ, ಕಾರ್ತಿಕ, ಮಾಘ, ಫಾಲ್ಗುಣ ಮಾಸಗಳು ಗೃಹಪ್ರವೇಶಕ್ಕೆ ಒಳ್ಳೆಯವು ಎಂಬುದು ರೂಢಿ. ಆಷಾಢ ಬೇಡ, ಪಿತೃಪಕ್ಷ ಬೇಡ, ಅಧಿಕ ಮಾಸವಂತೂ ಬೇಡವೇ ಬೇಡ. ಮಂಗಳವಾರ, ಅಮಾವಾಸ್ಯೆ ಬಿಡಬೇಕು, ರಾಹುಕಾಲ ತಪ್ಪಿಸಬೇಕು. ಶುಕ್ರವಾರದ್ದು ಇನ್ನೊಂದು ತೊಡಕು. ಹೊಸ ಮನೆಗೆ ಕಾಲಿಡಲು ಅದು ಪ್ರಶಸ್ತ. ಆದರೆ ಅಂದು ಹಳೆ ಮನೆಯಿಂದ ಸಾಮಾನು ಹೊರಗೆ ಹೋಗಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ ಎನ್ನುತ್ತಾರೆ. ಇದಕ್ಕೆ ಹೆಂಗಸರು ಕಂಡುಕೊಂಡ ಉಪಾಯವೆಂದರೆ ಹಾಲುಕ್ಕಿಸುವುದನ್ನೂ ಸಾಮಾನು ಸಾಗಿಸುವುದನ್ನೂ ಬೇರೆ ಮಾಡಿದ್ದು. ಒಳ್ಳೆಯ ದಿನ ನೋಡಿ ಮನೆಯವರಷ್ಟೇ ಹೋಗಿ, ದೀಪ ಹಚ್ಚಿ, ಹಾಲುಕ್ಕಿಸಿ, ಅಕ್ಕಿ, ಬೇಳೆ, ಉಪ್ಪು, ಬೆಲ್ಲ ಇಟ್ಟು ಬಂದರಾಯಿತು. ಉಳಿದದ್ದು ಲಾರಿ ಸಿಕ್ಕ ದಿನ, ರಜೆ ಸಿಕ್ಕ ದಿನ.

ಆಷಾಢ ಏಕೆ ಬೇಡ? ಆಷಾಢ ಶುದ್ಧ ಏಕಾದಶಿಯಂದು ವಿಷ್ಣು ಮಲಗುತ್ತಾನೆ, ಆದ್ದರಿಂದ ಶುಭಕಾರ್ಯ ಕೂಡದು ಎಂಬುದು ಶಾಸ್ತ್ರದ ಕಾರಣ. ಆದರೆ ದೇವರು ಏಳುವುದು ಕಾರ್ತಿಕ ಮಾಸದಲ್ಲಿ. ನಿದ್ರೆಯೇ ಕಾರಣವಾದರೆ ನಡುವಿನ ಶ್ರಾವಣವೂ ವರ್ಜ್ಯವಾಗಬೇಕಿತ್ತು. ನಮ್ಮಲ್ಲಿ ಆಗುವುದು ತದ್ವಿರುದ್ಧ. ಶ್ರಾವಣ ಬಂತೆಂದರೆ ಗೃಹಪ್ರವೇಶಗಳ ಸಾಲು. ಹೀಗಾಗಿ ಹಿರಿಯರು ಹೇಳುವ ಇನ್ನೊಂದು ಕಾರಣವೇ ಹೆಚ್ಚು ನಂಬುವಂತಿದೆ. ಆಷಾಢ ಮಳೆಯ, ಬಿತ್ತನೆಯ, ನಾಟಿಯ ತಿಂಗಳು. ಆಳುಗಳು ಸಿಗರು, ಎತ್ತು ಹೊಲದಲ್ಲಿ, ಗಾಡಿಯ ದಾರಿ ಕೆಸರಿನಲ್ಲಿ. ಕೈಯಲ್ಲಿದ್ದ ಕಾಸೆಲ್ಲ ಬೀಜಕ್ಕೆ ಹೋಗಿರುತ್ತದೆ. ಅಂಥ ತಿಂಗಳಲ್ಲಿ ಮದುವೆಯೂ ಬೇಡ, ಮನೆಯೂ ಬೇಡ ಎಂದದ್ದು ಬೇಸಾಯಗಾರರ ವಿವೇಕ.

ಆಪತ್ತು ಬಂದಾಗ ಮುಹೂರ್ತ ಕೇಳಿದವರು ಯಾರೂ ಇಲ್ಲ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಲಿ ಬಿದ್ದ ಮನೆಯನ್ನು ಜನ ಸಿಕ್ಕ ಪಾತ್ರೆ ಪಡಗ ಹಿಡಿದು ಬಿಟ್ಟು ಹೋದರು. ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲೆಂದೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಇಂದು ಹಳೆಯ ಬೆಂಗಳೂರಿನ ಹೆಮ್ಮೆ ಎನಿಸಿಕೊಂಡ ಆ ಬೀದಿಗಳು ಹುಟ್ಟಿದ್ದು ಮನೆ ಬಿಟ್ಟು ಓಡಿದವರಿಗಾಗಿ.

ಪಂಚಾಂಗ ಶಾಲೆಯ ಜೊತೆ ಹೊಂದುವುದೂ ಸುಲಭವಲ್ಲ. ಏಪ್ರಿಲ್ ಹೊತ್ತಿಗೆ ಪರೀಕ್ಷೆ ಮುಗಿದು, ಮೇ ಕೊನೆಗೋ ಜೂನ್ ಮೊದಲಿಗೋ ಶಾಲೆ ತೆರೆಯುತ್ತದೆ. ಸರ್ಕಾರದ ಸಾರ್ವತ್ರಿಕ ವರ್ಗಾವಣೆಯ ಆದೇಶಗಳು ಬರುವುದೂ ಹೆಚ್ಚುಕಡಿಮೆ ಇದೇ ಸಮಯಕ್ಕೆ. ಹಾಗಾಗಿ ಎಲ್ಲರೂ ಮೇ ತಿಂಗಳಿಗೇ ಮುಗಿಬೀಳುತ್ತಾರೆ. ಅಲ್ಲಿ ಅಧಿಕ ಮಾಸ ಅಡ್ಡ ಬಂದರೆ? 2026ರ ಪಂಚಾಂಗದಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ, ಸರಿಯಾಗಿ ಈ ಕಿಂಡಿಯಲ್ಲೇ ಬಿದ್ದಿದೆ. 2023ರಲ್ಲಿ ಜೂನ್ 19ಕ್ಕೆ ಆಷಾಢ ಹಿಡಿದು, ಅದು ಮುಗಿಯುತ್ತಲೇ ಅಧಿಕ ಶ್ರಾವಣ ಬಂದು, ನಿಜ ಶ್ರಾವಣ ಕಾಣಲು ಆಗಸ್ಟ್ 17 ಆಯಿತು. ಸುಮಾರು ಎರಡು ತಿಂಗಳು! ಮನೆ ಬದಲಿಸುವ ಯೋಚನೆ ಇರುವವರು ಯುಗಾದಿಗೆ ಹೊಸ ಪಂಚಾಂಗ ತಂದ ದಿನವೇ ಅಧಿಕ ಮಾಸ ಎಲ್ಲಿದೆ ಎಂದು ನೋಡಿಕೊಂಡರೆ ಅರ್ಧ ಚಿಂತೆ ಕಳೆಯಿತು.

ಇನ್ನು ಕರಾರು. ಬಾಡಿಗೆ ಪತ್ರ ಏಕೆ ಯಾವಾಗಲೂ 11 ತಿಂಗಳದ್ದು ಎಂದು ಕೇಳಿದರೆ ‘ಎಲ್ಲರೂ ಹಾಗೇ ಮಾಡುತ್ತಾರೆ’ ಎನ್ನುವವರೇ ಬಹಳ. ಇದರ ಬೇರು 1908ರ ನೋಂದಣಿ ಕಾಯ್ದೆಯಲ್ಲಿದೆ. ವರ್ಷ ವರ್ಷಕ್ಕೆ ಅಥವಾ ಒಂದು ವರ್ಷಕ್ಕೆ ಮೀರಿ ಕೊಡುವ ಗೇಣಿಪತ್ರವನ್ನು ನೋಂದಾಯಿಸಲೇಬೇಕು ಎನ್ನುತ್ತದೆ ಅದು. ನೋಂದಣಿಯ ಖರ್ಚು, ಓಡಾಟ ಬೇಡವೆಂದು ಇಬ್ಬರೂ ಸೇರಿ ಒಂದು ತಿಂಗಳು ಕಡಿಮೆ ಮಾಡಿಕೊಂಡರು; ಅದೇ ರೂಢಿಯಾಯಿತು. ಪ್ರತಿ 11 ತಿಂಗಳಿಗೊಮ್ಮೆ ಬಾಡಿಗೆ ನೂರಕ್ಕೆ ಐದೋ ಹತ್ತೋ ಏರುವುದೂ, ‘ಆಗದಿದ್ದರೆ ಬೇರೆ ಮನೆ ನೋಡಿಕೊಳ್ಳಿ’ ಎಂಬ ಮಾತು ಬರುವುದೂ ಇಲ್ಲಿಂದಲೇ.

ಬಾಡಿಗೆದಾರನ ನಿದ್ದೆ ಕೆಡಿಸುವುದು ಅಡ್ವಾನ್ಸಿನ ಹಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಎಂಬುದು ಬಹುಕಾಲದ ವಾಡಿಕೆ; ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಉಂಟು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಕೂಡದು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ; ರಾಜ್ಯಗಳು ತಮ್ಮದಾಗಿ ಮಾಡಿಕೊಂಡರಷ್ಟೇ ಕಾನೂನು.

ಲೆಕ್ಕ ಹಾಕಿ ನೋಡಿ. 15,000 ರೂಪಾಯಿ ಬಾಡಿಗೆಯ ಮನೆಯಲ್ಲಿ ಒಂದೂವರೆ ಲಕ್ಷ ಅಡ್ವಾನ್ಸ್ ಕೂತಿದೆ. ಹೊಸ ಮನೆಗೆ ಬಾಡಿಗೆ 18,000, ಅಡ್ವಾನ್ಸ್ 1,80,000. ಹೊಸ ಮಾಲೀಕ ಬೀಗದ ಕೈ ಕೊಡುವುದು ಹಣ ಎಣಿಸಿಕೊಂಡ ಮೇಲೆ. ಹಳೆಯ ಮಾಲೀಕ ಹಣ ಕೊಡುವುದು ಮನೆ ಖಾಲಿಯಾದ ಮೇಲೆ. ಕೆಲವರು ಮುಂದಿನ ಬಾಡಿಗೆದಾರ ಬಂದ ಮೇಲೆ. ಅದರಲ್ಲೂ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು 1,35,000. ಹೀಗೆ ಕೆಲವು ದಿನಗಳ ಮಟ್ಟಿಗಾದರೂ ಎರಡು ಅಡ್ವಾನ್ಸಿನ ಹೊರೆ ಒಂದೇ ಸಂಸಾರದ ಮೇಲೆ. ಹಾಲುಕ್ಕಿಸುವ ದಿನ 20ನೇ ತಾರೀಖಿಗೆ ಬಂದು ಹಳೆ ಮನೆಯ ತಿಂಗಳು 30ಕ್ಕೆ ಮುಗಿಯುವುದಾದರೆ ಹತ್ತು ದಿನ ಎರಡು ಬಾಡಿಗೆ ಬೇರೆ. ಚಿನ್ನ ಅಡವಿಡುವುದು, ಚೀಟಿ ಕೂಗುವುದು, ಭಾವನ ಹತ್ತಿರ ಕೈಗಡ ಕೇಳುವುದು, ಇವೆಲ್ಲ ನಡೆಯುವುದು ಈ ಅಂತರದಲ್ಲಿ. ಆದ್ದರಿಂದ ಮನೆ ಬಿಡುವ ನೋಟಿಸ್ ಕೊಡುವಾಗಲೇ ಅಡ್ವಾನ್ಸ್ ಯಾವ ದಿನ, ಎಷ್ಟು ಮುರಿದು ಕೊಡುತ್ತಾರೆ ಎಂಬುದನ್ನು ಬರೆಸಿಕೊಳ್ಳುವುದು ಸಂಕೋಚದ ವಿಷಯವಲ್ಲ. ಅಡ್ವಾನ್ಸನ್ನು ನಗದಾಗಿ ಕೊಟ್ಟು ರಸೀದಿ ಇಲ್ಲದವರ ಪಾಡು ಹೇಳುವಂತಿಲ್ಲ. ಬ್ಯಾಂಕಿನ ಮೂಲಕ ಕೊಟ್ಟರೆ ಅದೇ ಸಾಕ್ಷಿ. ಮನೆಗೆ ಬಂದ ದಿನವೇ ಗೋಡೆ, ನಲ್ಲಿ, ಕಿಟಕಿಗಳ ಫೋಟೊ ತೆಗೆದಿಡಿ. ಹೋಗುವ ದಿನ ಮಾಲೀಕರ ಎದುರೇ ವಿದ್ಯುತ್ ಮೀಟರಿನ ಅಂಕಿ ಬರೆದುಕೊಳ್ಳಿ.

ಇಷ್ಟಾದ ಮೇಲೆ ಸಾಮಾನು. ಹಿಂದಿನವರಿಗೆ ಈ ತಲೆನೋವು ಕಡಿಮೆ ಇತ್ತು, ಏಕೆಂದರೆ ಅವರು ಮನೆ ಬದಲಿಸುತ್ತಲೇ ಇರಲಿಲ್ಲ. ಒರಳುಕಲ್ಲು ನೆಲದಲ್ಲಿ ಹೂತಿರುತ್ತಿತ್ತು, ಹಂಡೆ ಒಲೆಯ ಮೇಲೆ ಮೆತ್ತಿಕೊಂಡಿರುತ್ತಿತ್ತು, ಕಾಳು ನೆಲದೊಳಗಿನ ಹಗೇವಿನಲ್ಲಿ. ಪಟ್ಟಣದ ವಠಾರಗಳಿಗೆ ಬಂದ ಸಂಸಾರಗಳು ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಬೀಸುಕಲ್ಲಿನಲ್ಲಿ ಮುಗಿಯುತ್ತಿದ್ದವು. ತಳ್ಳುಗಾಡಿಗೆ ಎರಡು ಸುತ್ತು. ಮುಕ್ಕಾಲು ಟನ್ ಹೊರುವ ಟಾಟಾ ಏಸ್ 2005ರಲ್ಲಿ ಬಂದ ಮೇಲೆ ಗಲ್ಲಿಯೊಳಗೂ ಗಾಡಿ ನುಗ್ಗುವಂತಾಯಿತು. ಸಾಮಾನೂ ಅದಕ್ಕೆ ತಕ್ಕಂತೆ ಬೆಳೆಯಿತು.

ಕಟ್ಟುವುದಕ್ಕೆ ಎರಡು ವಾರ ಮೊದಲೇ ಕೈಹಚ್ಚಬೇಕು. ಅಟ್ಟದ ಮೇಲಿನದು ಮೊದಲು, ಅಡುಗೆಮನೆ ಕೊನೆಗೆ. ವರ್ಷದಿಂದ ಅಟ್ಟ ಬಿಟ್ಟು ಇಳಿಯದ್ದು ಹೊಸ ಮನೆಗೂ ಬೇಡ, ಹಳೆ ಪೇಪರಿನವನಿಗೆ ಕೊಡಿ. ಪುಸ್ತಕಗಳನ್ನು ಸಣ್ಣ ರಟ್ಟಿನ ಡಬ್ಬಕ್ಕೇ ತುಂಬಬೇಕು. ದೊಡ್ಡದಕ್ಕೆ ತುಂಬಿದರೆ ಎತ್ತುವಾಗ ತಳ ಬಿಡುತ್ತದೆ. ಗಾಜಿನದಕ್ಕೂ ಪಿಂಗಾಣಿಗೂ ಹಳೆಯ ಸೀರೆ, ಬೆಡ್‌ಶೀಟುಗಳೇ ಸುತ್ತುಬಟ್ಟೆ. ಮಂಚ ಬಿಚ್ಚಿದಾಗ ಬೋಲ್ಟುಗಳನ್ನು ಒಂದು ಚೀಲಕ್ಕೆ ಹಾಕಿ ಅದರ ಕಾಲಿಗೇ ಕಟ್ಟಿಬಿಡಿ. ಫ್ರಿಜ್ ಹಿಂದಿನ ದಿನವೇ ಆರಿಸಿ ಒಣಗಿಸಿ, ನಿಲ್ಲಿಸಿಯೇ ಸಾಗಿಸಬೇಕು. ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಮಾತ್ರ ಯಾವ ಕೂಲಿಯವರನ್ನೂ ನಂಬಿ ಕೊಡುವ ಗೃಹಿಣಿ ಇಲ್ಲ, ಅದು ಮಡಿಲಲ್ಲೇ ಬರಬೇಕು. ಹಳೆಯ ಪೊರಕೆಯನ್ನು ಒಯ್ಯಬಾರದೆಂಬ ನಂಬಿಕೆಯೂ ಇದೆ. ಪೊರಕೆ ಅಗ್ಗವಾದ್ದರಿಂದ ಯಾರೂ ತಕರಾರು ಮಾಡಿದಂತಿಲ್ಲ. ಮೊದಲ ರಾತ್ರಿಗೆ ಬೇಕಾದ ದಿಂಬು, ಸೋಪು, ಕಾಫಿಪುಡಿ, ಔಷಧಿ, ಚಾರ್ಜರ್ ಒಂದೇ ಬ್ಯಾಗಿನಲ್ಲಿರಲಿ. ಮನೆಪತ್ರ, ಒಡವೆ, ಮಕ್ಕಳ ಅಂಕಪಟ್ಟಿ ಲಾರಿ ಹತ್ತಕೂಡದು.

ಹಾಲುಕ್ಕಿಸಲು ಒಲೆ ಬೇಕಲ್ಲ? ಅದೇ ಊರಿನಲ್ಲಾದರೆ ಗ್ಯಾಸ್ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಒಯ್ದು ಹೊಸ ಏಜೆನ್ಸಿಗೆ ಸಂಪರ್ಕ ವರ್ಗಾಯಿಸಿಕೊಳ್ಳಬಹುದು. ಬೇರೆ ಊರಾದರೆ ಎರಡನ್ನೂ ಹಿಂದಿರುಗಿಸಿ, ವರ್ಗಾವಣೆ ಚೀಟಿ ಪಡೆದು, ಅಲ್ಲಿ ಮತ್ತೆ ಠೇವಣಿ ಕಟ್ಟಬೇಕು. ಹಿಂದೆ ಕಟ್ಟಿದ್ದಷ್ಟೇ ವಾಪಸ್ ಬರುವುದು. ಹೊಸದು ಈಗಿನ ದರದಲ್ಲಿ. 1,450 ರೂಪಾಯಿ ಇದ್ದ ಸಿಲಿಂಡರ್ ಠೇವಣಿ 2022ರ ಜೂನ್‌ನಲ್ಲಿ 2,200ಕ್ಕೆ ಏರಿತು. ಹಾಗಾಗಿ ಈಗ ಅನೇಕ ಮನೆಗಳಲ್ಲಿ ಹಾಲು ಉಕ್ಕುವುದು ಕರೆಂಟ್ ಒಲೆಯ ಮೇಲೆ. ಪೂರ್ವಕ್ಕೆ ಉಕ್ಕಿದರೆ ಒಳ್ಳೆಯದೆಂದು ಎಲ್ಲರೂ ಬಗ್ಗಿ ನೋಡುವುದು ಮಾತ್ರ ತಪ್ಪಿಲ್ಲ.

ಮನೆ ಒಪ್ಪವಾದ ಮೇಲೂ ಕಾಗದಪತ್ರದ ಕೆಲಸ ಉಳಿದಿರುತ್ತದೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಸಾಕು. ವಾಹನ ಇದ್ದವರು ಹೊಸ ವಿಳಾಸವನ್ನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಬ್ಯಾಂಕು, ಆಧಾರ್, ರೇಷನ್ ಕಾರ್ಡ್, ಎಲ್‌ಐಸಿ ಒಂದೊಂದೂ ಒಂದೊಂದು ದಿನ ಬೇಡುತ್ತದೆ. ಅಷ್ಟರವರೆಗೆ ಹಳೆ ಮನೆಯ ಪಕ್ಕದವರಿಗೆ ಫೋನ್ ನಂಬರ್ ಕೊಟ್ಟು, ಹೆಸರಿಗೆ ಏನಾದರೂ ಟಪಾಲು ಬಂದರೆ ತೆಗೆದಿಡಿ ಎಂದು ಹೇಳಿ ಬರಬೇಕು.